ಗ್ಲಾಡ್‌ಸ್ಟನ್ನರ ಒಂದು ಕಿರುಹೊತ್ತಗೆ

ಗದ್ಯದ ಗುಣದೋಷಗಳನ್ನು ಬೋಧಿಸುವಾಗ ನಾವು ಅಧ್ಯಾಪಕರು ಕಥೆ, ಪ್ರಬಂಧಗಳನ್ನೇ ಉದಾಹರಿಸುತ್ತೇವೆ. ರಾಜಕೀಯ ಕರಪತ್ರವೆಂದರೆ ಓದಿ ಎಸೆಯುವ ಕಾಗದವೆಂಬ ತಾತ್ಸಾರ ನಮ್ಮಲ್ಲಿದೆ. ಈ ತಾತ್ಸಾರ ಸಲ್ಲದೆಂಬುದಕ್ಕೆ 1876ರ ಸೆಪ್ಟೆಂಬರ್ 6ರಂದು ಲಂಡನ್ನಿನಲ್ಲಿ ಪ್ರಕಟವಾದ, ಬಲ್ಗೇರಿಯದ ಘೋರಕೃತ್ಯಗಳನ್ನು ಕುರಿತ ಗ್ಲಾಡ್‌ಸ್ಟನ್ನರ ಕಿರುಹೊತ್ತಗೆಯೇ ಸಾಕ್ಷಿ.

ಆ ವರ್ಷದ ಏಪ್ರಿಲ್‌ನಲ್ಲಿ ಬಲ್ಗೇರಿಯನ್ನರು ತುರ್ಕಿಯ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ಅದನ್ನಡಗಿಸುವಾಗ ಬಾಟಕ್ ಎಂಬ ಒಂದೇ ಊರಿನಲ್ಲಿ ಸಾವಿರಾರು ಜನ ಹತರಾದರು. ರಷ್ಯವನ್ನು ತಡೆಯಲು, ಹಿಂದೂಸ್ಥಾನದ ಹಾದಿಯನ್ನು ಕಾಯಲು ತುರ್ಕಿ ಬೇಕೆಂಬುದು ಇಂಗ್ಲೆಂಡಿನ ನೀತಿ. ಆದಕಾರಣ ಪ್ರಧಾನಿ ಡಿಸ್ರೇಲಿ ಸುದ್ದಿಯನ್ನು ಹಗುರಮಾಡಿದರು. ಗ್ಲಾಡ್‌ಸ್ಟನ್ನರಾದರೋ ಹಿಂದಿನ ವರ್ಷವೇ ಪಕ್ಷದ ನಾಯಕತ್ವವನ್ನು ತೊರೆದಿದ್ದ ಅರುವತ್ತಾರರ ವೃದ್ಧರು. ಸೊಂಟನೋವಿನಿಂದ ಹಾಸಿಗೆ ಹಿಡಿದೇ ಬರೆದರು. ತಿಂಗಳೊಳಗೆ ಸುಮಾರು 2,00,000 ಪ್ರತಿಗಳು ಮಾರಾಟವಾದವು.

ಇದರ ಕಟ್ಟಡವನ್ನು ಗಮನಿಸಬೇಕು. ಕೊಲೆಗಳ ವರ್ಣನೆಗಿಂತ ಸ್ವಂತ ಸರ್ಕಾರದ ವಿಚಾರಣೆಗೇ ಇಲ್ಲಿ ಪ್ರಾಧಾನ್ಯ. ಸುದ್ದಿ ಮಂತ್ರಿಗಳಿಗೆ ತಲಪಿದುದು ಯಾವಾಗ? ಪಾರ್ಲಿಮೆಂಟಿಗೆ ಹೇಳಿದುದೇನು? ಬೆಸಿಕಾ ಕೊಲ್ಲಿಗೆ ಕಳುಹಿದ ನೌಕಾಬಲ ಯಾರಿಗೆ ಧೈರ್ಯ ತಂದಿತು? ಹೀಗೆ ಪೂರ್ವಪಕ್ಷವನ್ನು ಕಟ್ಟಿಹಾಕುತ್ತ ಹೋಗಿ, ಕೊನೆಗೆ ತುರ್ಕಿ ಅಧಿಕಾರಿಗಳ ದರ್ಜೆಗಳನ್ನು ತುರ್ಕಿ ಹೆಸರುಗಳಿಂದಲೇ ಸಾಲಾಗಿ ಕರೆದು, ಅವರೆಲ್ಲ ಬಲ್ಗೇರಿಯದಿಂದ ಗಂಟುಮೂಟೆ ಕಟ್ಟಲೆಂದು ಆಗ್ರಹಪಡಿಸುತ್ತಾರೆ. ಅರ್ಥ ತಿಳಿಯದವನಿಗೂ ಆ ನಾಮಾವಳಿಯ ನಾದ ತಟ್ಟುತ್ತದೆ. ಓಜೋಗುಣಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಪರದೇಶದ ಗದ್ಯದಲ್ಲಿ ನಾನು ಕಂಡಿಲ್ಲ.

ದೋಷವೂ ಅಲ್ಲಿಯೇ ಇದೆ. ಹೊರಡಬೇಕೆಂದುದು ಅಧಿಕಾರಿಗಳು ಮಾತ್ರ. ಆದರೆ ಬೇರೊಂದೆಡೆ ಲೇಖನಿ ಜಾರಿ ತುರ್ಕಿ ಜನಾಂಗವನ್ನೇ ಮಾನವತೆಗೆ ಹೊರಗಿನದೆಂದು ನಿಂದಿಸುತ್ತದೆ. ಆಳುವವರ ಅಪರಾಧವನ್ನು ಕುಲದ ಮೇಲೆ ಹೊರಿಸುವುದು ಅನೌಚಿತ್ಯ. ವಾದ ಎಷ್ಟೇ ನ್ಯಾಯವಾಗಿರಲಿ, ಈ ಭಾಗವನ್ನು ವಿದ್ಯಾರ್ಥಿಗಳೆದುರು ಮೆಚ್ಚಿ ಓದಲು ನನಗೆ ಮನಸ್ಸಾಗದು.

1877ರಲ್ಲಿ ಅವರು ಇದೇ ವಿಷಯವಾಗಿ ಮತ್ತೊಂದು ಹೊತ್ತಗೆ ತಂದರು. ಅದು ಖರ್ಚಾದುದು ಸುಮಾರು 7,000. ಜನರ ಕಾವು ಆರಿತ್ತು. ಆದರೂ ಅದೇ ವರ್ಷ ರಷ್ಯ ತುರ್ಕಿಯ ಮೇಲೆ ಯುದ್ಧ ಸಾರಿದಾಗ ಇಂಗ್ಲೆಂಡು ತುರ್ಕಿಯ ಪರವಾಗಿ ಶಸ್ತ್ರ ಹಿಡಿಯಲಿಲ್ಲ. ಕೆರಳಿದ್ದ ಲೋಕಾಭಿಪ್ರಾಯವೂ ಅದಕ್ಕೊಂದು ಕಾರಣ.

1880ರಲ್ಲಿ ಗ್ಲಾಡ್‌ಸ್ಟನ್ನರು ಮತ್ತೆ ಪ್ರಧಾನಿಯಾದರು. 1882ರಲ್ಲಿ ಅವರ ಸರ್ಕಾರವೇ ಅಲೆಕ್ಸಾಂಡ್ರಿಯದ ಮೇಲೆ ಫಿರಂಗಿ ಹಾರಿಸಿ ಈಜಿಪ್ತನ್ನು ವಶಪಡಿಸಿಕೊಂಡಿತು. ಅದನ್ನು ಪ್ರತಿಭಟಿಸಿ ಮಂತ್ರಿಪದವಿಯನ್ನು ತ್ಯಜಿಸಿದವರು ಅವರ ಹಳೆಯ ಸಹವರ್ತಿ ಜಾನ್ ಬ್ರೈಟ್.