ಪಕ್ಕದ ಮನೆಗೆ ಎಸಿ ಕೂರಿಸುವ ಮುಂಚೆ

ಐಟಿಐ ಮುಗಿಸಿ ಎಸಿ ಕೆಲಸಕ್ಕೆ ಇಳಿದಿದ್ದೀಯ, ಒಳ್ಳೇದಾಯ್ತು. ಫ್ಯಾನ್ ಹಾಕೋದೂ ದಂಡ ಅನ್ನುತ್ತಿದ್ದ ಊರು ಈ ಬೆಂಗಳೂರು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಕಂಡ ಮೇಲೆ ಆರ್.ಟಿ. ನಗರದ ಹಳೇ ಮನೆಯವರೂ ಎಸಿ ಕೇಳ್ತಾ ಇದ್ದಾರೆ. ಮೊದಲ ಕರೆ ಪಕ್ಕದ ಮನೆಯಿಂದಲೇ ಬರುತ್ತೆ: “ನಮ್ಮ ಹುಡುಗ ತಾನೆ, ಬಂದು ಕೂರಿಸಿಕೊಡಪ್ಪ.”

ಹೋಗು. ಆದರೆ ಕೂಲಿ ತಗೋ.

ಪುಕ್ಕಟೆ ಮಾಡಿಕೊಟ್ಟರೆ ವಿಶ್ವಾಸ ಉಳಿಯುತ್ತೆ ಅಂತ ನಿಮ್ಮಮ್ಮ ಹೇಳಬಹುದು. ಪುಕ್ಕಟೆ ಮಾಡುವವನಿಗೆ ‘ಹೀಗೆ ಮಾಡಲ್ಲ’ ಅನ್ನೋ ಬಾಯಿ ಇರಲ್ಲ ಕಣೋ, ನನ್ನ ತಕರಾರು ಅಷ್ಟೇ. ಆ ಮನೆಯ ಅಂಕಲ್ ಟೀ ಕೊಟ್ಟು, “ಹೊಸ ವೈರ್ ಯಾಕೆ, ಗೀಸರ್ ಪಾಯಿಂಟ್‌ನಿಂದಲೇ ಎಳೆದುಬಿಡು” ಅಂತಾರೆ. ಆ ಗೋಡೆಯೊಳಗೆ ನಲವತ್ತು ವರ್ಷದ ಹಿಂದಿನ ವೈರ್ ಇರುತ್ತೆ, ಅರ್ಥಿಂಗ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಒಂದೂವರೆ ಟನ್ ಎಸಿಗೆ ಮೇನ್ ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ವೈರ್, ಅದಕ್ಕೇ ಒಂದು ಎಂಸಿಬಿ ಇರಲಿ. ಬೆಸ್ಕಾಂ ಬಿಲ್ ಇಸ್ಕೊಂಡು ನೋಡು, ಮಂಜೂರಾದ ಲೋಡ್ ಅದರಲ್ಲೇ ಅಚ್ಚಾಗಿರುತ್ತೆ. ಸಾಲದಿದ್ದರೆ ಅರ್ಜಿ ಹಾಕಲಿ. ಇದನ್ನೆಲ್ಲ ಡ್ರಿಲ್ ಎತ್ತುವ ಮುಂಚೆ ಒಂದು ಚೀಟಿಯಲ್ಲಿ ಬರೆದು ಕೊಡು: ವೈರ್, ಸ್ಟ್ಯಾಂಡ್, ಹೆಚ್ಚುವರಿ ತಾಮ್ರದ ಪೈಪು, ನಿನ್ನ ಕೂಲಿ. ಎಸಿ ಕೊಂಡ ದುಡ್ಡಿಗಿಂತ ಈ ಚೀಟಿಯ ದುಡ್ಡು ಜನಕ್ಕೆ ಹೆಚ್ಚು ಉರಿಸುತ್ತೆ. ಉರಿಯಲಿ ಬಿಡು, ಮೊದಲೇ ಉರಿದರೆ ವಾಸಿ.

ಇನ್ನು ವ್ಯಾಕ್ಯೂಮ್. ಫ್ಲೇರ್ ನಟ್ ಬಿಗಿದ ಕೂಡಲೇ ಗ್ಯಾಸ್ ಬಿಟ್ಟು, ‘ಪುಸ್’ ಅನ್ನಿಸಿ ಗಾಳಿ ಹೊರಹಾಕಿ ಹೊರಟುಬಿಡುವವರು ಬೇಕಾದಷ್ಟು ಜನ ಇದ್ದಾರೆ. ಹಾಗೆ ಮಾಡಿದರೆ ಪೈಪಿನೊಳಗೆ ತೇವ ಉಳಿಯುತ್ತೆ, ಅದು ಕಂಪ್ರೆಸರ್ ಎಣ್ಣೆ ಜೊತೆ ಸೇರಿ ಆಸಿಡ್ ಆಗಿ ವೈಂಡಿಂಗ್ ತಿನ್ನುತ್ತೆ. ಆರ್‌32 ಹೊತ್ತಿಕೊಳ್ಳುವ ಗ್ಯಾಸ್ ಬೇರೆ, ಮುಚ್ಚಿದ ಕೋಣೆಯಲ್ಲಿ ಆ ಆಟ ಬೇಡ. ಪಂಪ್ ಹಾಕು, ಗೇಜ್ ಮುಚ್ಚಿ ಕಾಯಿ, ಮುಳ್ಳು ಮೇಲೇಳುತ್ತಾ ನೋಡು. ಆಮೇಲೆ ಗ್ಯಾಸ್ ಬಿಟ್ಟು ಜಾಯಿಂಟಿಗೆ ಸೋಪಿನ ನೊರೆ ಹಚ್ಚು. “ಕಂಪನಿ ಹುಡುಗರು ಅರ್ಧ ಗಂಟೇಲಿ ಮುಗಿಸ್ತಾರೆ” ಅಂತ ಹಿಂದಿನಿಂದ ಮಾತು ಕೇಳುತ್ತೆ, ತಿರುಗಬೇಡ.

ಔಟ್‌ಡೋರ್ ಎಲ್ಲಿ ಇಡ್ತೀಯ? 30×40 ಸೈಟುಗಳ ನಡುವೆ ಎರಡು ಮೂರು ಅಡಿ ಸಂದು. ಅಲ್ಲಿ ಕೂರಿಸಿದರೆ ಬಿಸಿಗಾಳಿ ಆಚೆ ಮನೆಯವರ ಮಲಗುವ ಕೋಣೆಗೆ ನುಗ್ಗುತ್ತೆ, ಅವರೂ ನಿನಗೆ ನೆರೆಯವರೇ. ತಾರಸಿಗೆ ಒಯ್ಯಬಹುದು, ಪೈಪಿನ ಖರ್ಚು ಹೆಚ್ಚು. ಹೇಗಾದರೂ ಸರಿ, ಆ ಮನೆಯವರನ್ನೂ ಕರೆಸಿ ಜಾಗ ತೋರಿಸಿದ ಮೇಲೇ ಗೋಡೆ ಕೊರೆ.

ಕೊರೆಯುವಾಗ ತೂತು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಡ್ರೈನ್ ಪೈಪು ಎಲ್ಲೂ ಮೇಲೇರದಿರಲಿ. ಹೊರಡುವ ಮುಂಚೆ ಇಂಡೋರ್ ಟ್ರೇಗೆ ಒಂದು ಚೊಂಬು ನೀರು ಸುರಿದು, ಹೊರಗೆ ಬರುವವರೆಗೂ ನಿಲ್ಲು. ಫಿಲ್ಟರ್ ಬಿಚ್ಚಿ ತೊಳೆಯೋದನ್ನು ಆಂಟಿ ಕೈಲೇ ಒಮ್ಮೆ ಮಾಡಿಸು. ಇಲ್ಲದಿದ್ದರೆ “ಎಸಿಯಿಂದ ನೀರು ಸೋರ್ತಾ ಇದೆ ಬಾರೋ” ಅಂತ ರಾತ್ರಿ ಹತ್ತಕ್ಕೆ ಕಾಂಪೌಂಡ್ ಮೇಲಿಂದ ಕೂಗ್ತಾರೆ.