ಎರಡನೆಯ ಪರದೆಯ ಬೆಳಕು ಮತ್ತು ಮುಪ್ಪಿನ ಕಣ್ಣು

ಮುಂಬಯಿಯಂಥ ಮಹಾನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಬಹುಮಂದಿಗೆ ಒಂದೇ ಕೊಠಡಿಯು ಹಗಲು ಕಚೇರಿಯಾಗಿಯೂ ಸಂಜೆ ಅತಿಥಿಗೃಹವಾಗಿಯೂ ರಾತ್ರಿ ಹಿರಿಯರ ಮಲಗುವ ಮನೆಯಾಗಿಯೂ ಉಪಯೋಗಕ್ಕೆ ಬರುತ್ತದೆಯೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. 2020ರಿಂದೀಚೆಗೆ ಕಚೇರಿಯ ಕೆಲಸವನ್ನು ಮನೆಯಲ್ಲಿಯೇ ಮಾಡುವ ರೂಢಿ ಹರಡಿದ ಮೇಲೆ ಈ ಕೊಠಡಿಗೆ ಕಂಪ್ಯೂಟರೂ ಬಂದಿತು. ಆ ಕಂಪ್ಯೂಟರಿಗೆ ಮೇಜಿನ ಮಾನಿಟರನ್ನೂ ಗೋಡೆಯ ದೊಡ್ಡ ಟಿ.ವಿ.ಯನ್ನೂ ಒಟ್ಟಿಗೆ ಜೋಡಿಸಿ, ಎರಡು ಸ್ಪೀಕರುಗಳನ್ನಿಟ್ಟರೆ ಅದೇ ಹೋಂ ಥಿಯೇಟರ್. ಹೀಗಿರುವಲ್ಲಿ ಟಿ.ವಿ.ಯಲ್ಲಿ ಚಿತ್ರ ನಡೆಯುತ್ತಿರುವಾಗ ಪಕ್ಕದ ಮಾನಿಟರನ್ನು ಏಕೆ ಆರಿಸಬೇಕು, ಹೇಗೆ ಆರಿಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಆದರೆ ಇದರಲ್ಲಿ ಒಂದು ಲೆಕ್ಕವಿದೆ, ಆ ಲೆಕ್ಕವನ್ನು ನಾನು ತಡವಾಗಿ ಮಾಡಿದೆ.

ನನ್ನ ತಂದೆಯವರಿಗೆ ಆಗ 77 ವರ್ಷ. ಶನಿವಾರ ರಾತ್ರಿ ಹಳೆಯ ಕನ್ನಡ ಚಿತ್ರಗಳನ್ನು ನೋಡುವುದು ಅವರಿಗೆ ವಾರದ ಏಕೈಕ ಸಂಭ್ರಮವಾಗಿತ್ತು. 1970ರ ‘ಸಂಸ್ಕಾರ’ವನ್ನು ಹಾಕಿದ ದಿನ ಅರ್ಧದಲ್ಲಿಯೇ ಎದ್ದುಹೋದರು. ‘ಮುಖಗಳೇ ಕಾಣಲೊಲ್ಲವು, ಬರೇ ಮಂಜು’ ಎಂದರು. ಕಪ್ಪು ಬಿಳುಪಿನ ಹಳೆಯ ಚಿತ್ರ, ಪ್ರತಿ ಸರಿಯಿಲ್ಲವೆಂದು ನಾನು ಸಮಾಧಾನ ಹೇಳಿಕೊಂಡೆ. ಮುಂದಿನ ಎರಡು ಶನಿವಾರ ಅವರು ಬರಲೇ ಇಲ್ಲ. ಸೋಫಾದ ಕೊನೆಯಲ್ಲಿ ಮೇಜಿಗೆ ಹತ್ತಿರವಾಗಿದ್ದ ಅವರ ಜಾಗದಲ್ಲಿ ಒಂದು ಸಂಜೆ ನಾನೇ ಕುಳಿತಾಗ ಮಾನಿಟರಿನ ಬೆಳಕು ಓರೆಗಣ್ಣಿಗೆ ಚುಚ್ಚಿತು. ನನ್ನ ಜಾಗದಿಂದ ಅದು ಅಷ್ಟಾಗಿ ಬಾಧಿಸುತ್ತಿರಲಿಲ್ಲ.

ಇದರ ಕಾರಣ ಕಣ್ಣಿನ ರಚನೆಯಲ್ಲಿದೆ. ಕಣ್ಣಿನೊಳಗಿನ ಮಸೂರವು ನಿರ್ಮಲವಾದ ಗಾಜಲ್ಲ. ಒಳಹೊಕ್ಕ ಬೆಳಕಿನ ಒಂದಂಶವನ್ನು ಅದು ಚದುರಿಸುತ್ತದೆ. ಪಕ್ಕದಿಂದ ಬಂದ ಬೆಳಕು ಹೀಗೆ ಚದುರಿ, ನಾವು ನೋಡುತ್ತಿರುವ ಚಿತ್ರದ ಮೇಲೆ ತೆಳುವಾದ ಬಿಳಿಯ ಮುಸುಕಿನಂತೆ ಹರಡಿಕೊಳ್ಳುತ್ತದೆ. ಹಗಲಿನಂತೆ ಬೆಳಗುವ ದೃಶ್ಯದಲ್ಲಿ ಈ ಮುಸುಕು ಗೊತ್ತಾಗುವುದಿಲ್ಲ. ಕತ್ತಲೆಯ ದೃಶ್ಯವನ್ನು ಅದು ಅಳಿಸಿಯೇ ಬಿಡುತ್ತದೆ. ಹಾಲಡೇ ಎಂಬವರು 1926ರಲ್ಲಿಯೂ ಸ್ಟೈಲ್ಸ್ ಎಂಬವರು 1929ರಲ್ಲಿಯೂ ಇದನ್ನು ಅಳತೆಗೆ ಒಳಪಡಿಸಿದರು. ಅವರ ಹೆಸರಿನ ಸೂತ್ರದ ಪ್ರಕಾರ, ನಾವು ನೋಡುವ ದಿಕ್ಕಿಗೂ ಬಾಧಿಸುವ ದೀಪಕ್ಕೂ ನಡುವಣ ಕೋನವು ಅರ್ಧವಾದರೆ ಮುಸುಕು ನಾಲ್ಕು ಪಟ್ಟಾಗುತ್ತದೆ. ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಮುಂದೆ ಇದಕ್ಕೆ ವಯಸ್ಸನ್ನೂ ಸೇರಿಸಿತು: ವಯಸ್ಸನ್ನು 70ರಿಂದ ಭಾಗಿಸಿ, ಬಂದುದನ್ನು ನಾಲ್ಕು ಬಾರಿ ಇಟ್ಟು ಗುಣಿಸಿ, ಒಂದನ್ನು ಕೂಡಿಸಬೇಕು.

ಚಕ್ರಬಡ್ಡಿಯ ಅಭ್ಯಾಸವಿದ್ದವರಿಗೆ ಇದು ಕಷ್ಟದ ಲೆಕ್ಕವಲ್ಲ. 46 ವರ್ಷದ ನನಗೆ ಬರುವ ಅಂಕಿ 1.19, 77 ವರ್ಷದ ತಂದೆಯವರಿಗೆ 2.46. ಅಂದರೆ ಒಂದೇ ಬೆಳಕು ನನಗಿಂತ ಅವರಿಗೆ ಎರಡು ಪಟ್ಟಿಗೂ ಮಿಕ್ಕಿ ಬಾಧಿಸುತ್ತದೆ. ನನ್ನ ಜಾಗದಿಂದ ಮಾನಿಟರು ಟಿ.ವಿ.ಗೆ ಸುಮಾರು 30 ಡಿಗ್ರಿ ಓರೆಯಾಗಿದ್ದರೆ ಅವರ ಜಾಗದಿಂದ 15 ಡಿಗ್ರಿ. ಅಲ್ಲಿಗೆ ಮತ್ತೆ ನಾಲ್ಕು ಪಟ್ಟು. ನನ್ನ ಖಾತೆಯಲ್ಲಿ ಒಂದು ರೂಪಾಯಿಯಾಗಿದ್ದುದು ಅವರ ಖಾತೆಯಲ್ಲಿ ಎಂಟು ರೂಪಾಯಿಗೂ ಮೇಲಾಗಿತ್ತು. ಅವರು ಹತ್ತಿರ ಕುಳಿತಿದ್ದುದರಿಂದ ಕಣ್ಣಿಗೆ ಬೀಳುತ್ತಿದ್ದ ಬೆಳಕೇ ಹೆಚ್ಚಾಗಿತ್ತೆಂಬುದನ್ನು ಇನ್ನೂ ಸೇರಿಸಿಲ್ಲ. ಇದು ಪೊರೆಯಿಲ್ಲದ ಆರೋಗ್ಯವಂತ ಕಣ್ಣಿನ ಲೆಕ್ಕ. ಪೊರೆ ಬಂದ ಕಣ್ಣಿಗೆ ಬಾಧೆ ಇನ್ನೂ ಅಧಿಕ.

ಮಾನಿಟರಿನ ಹಿನ್ನೆಲೆಯನ್ನು ಕಪ್ಪಾಗಿಸಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಮೊದಲು ನಾನೂ ಹಾಗೆಯೇ ಮಾಡಿದೆ. ಬಾಧೆ ಬಹಳಷ್ಟು ತಗ್ಗುವುದು ನಿಜ, ಆದರೆ ಕಪ್ಪು ಕಪ್ಪಾಗುವುದಿಲ್ಲ. ಸಾಧಾರಣ ಎಲ್.ಸಿ.ಡಿ. ಮಾನಿಟರಿನ ಹಿಂಬದಿಯ ದೀಪ ಸದಾ ಉರಿಯುತ್ತಲೇ ಇರುತ್ತದೆ. ಮುಂದಿನ ಪದರವು ಅದನ್ನು ತಡೆಯಲು ಯತ್ನಿಸುತ್ತದೆ, ಅಷ್ಟೆ. ದೀಪವೆಲ್ಲ ಆರಿದ ಕೋಣೆಯಲ್ಲಿ ಆ ಬೂದುಬಣ್ಣದ ಚೌಕ ಸ್ಪಷ್ಟವಾಗಿ ಕಾಣುತ್ತದೆ. ಓ.ಎಲ್.ಇ.ಡಿ. ಪರದೆಯಲ್ಲಿ ಮಾತ್ರ ಕಪ್ಪೆಂದರೆ ಬೆಳಕಿಲ್ಲವೆಂದೇ ಅರ್ಥ.

ಆದುದರಿಂದ ಆರಿಸುವುದೇ ಸರಿ. ಮಾನಿಟರಿನ ಗುಂಡಿಯನ್ನು ಒತ್ತಿ ಆರಿಸಿದರೆ ಬೆಳಕೇನೋ ಹೋಗುತ್ತದೆ. ಆದರೆ ಎಷ್ಟೋ ವೇಳೆ ಅದು ಆರಿದೆಯೆಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಮೌಸಿನ ಬಾಣದ ಗುರುತು ಕಾಣದ ಪರದೆಯೊಳಗೆ ಹೊಕ್ಕು ಮಾಯವಾಗುತ್ತದೆ, ಹೊಸದಾಗಿ ತೆರೆದ ಕಡತವೂ ಅಲ್ಲಿಯೇ ತೆರೆದುಕೊಳ್ಳುತ್ತದೆ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಅದುಮಿ ಹಿಡಿದು ‘ಪಿ’ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ: ಪಿಸಿ ಸ್ಕ್ರೀನ್ ಓನ್ಲಿ, ಡೂಪ್ಲಿಕೇಟ್, ಎಕ್ಸ್‌ಟೆಂಡ್, ಸೆಕೆಂಡ್ ಸ್ಕ್ರೀನ್ ಓನ್ಲಿ. ಸಾಮಾನ್ಯವಾಗಿ ಕೊನೆಯದನ್ನು ಆರಿಸಿಕೊಂಡರೆ ಟಿ.ವಿ. ಮಾತ್ರ ಉಳಿದು ಮಾನಿಟರು ತಾನಾಗಿ ನಿದ್ರೆಗೆ ಜಾರುತ್ತದೆ. ಮೇಜಿನ ಕಂಪ್ಯೂಟರಿನಲ್ಲಿ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬುದು ಕೆಲವೊಮ್ಮೆ ತಿರುವುಮುರುವಾಗಿರುತ್ತದೆ. ಒಮ್ಮೆ ಪರೀಕ್ಷಿಸಿ ನೋಡಿಕೊಂಡರಾಯಿತು.

ಇಲ್ಲಿ ಕ್ರಮವು ಮುಖ್ಯ. ಆಯ್ಕೆ ಮಾಡುವ ಮುನ್ನ ಟಿ.ವಿ. ಹೊತ್ತಿರಬೇಕು, ಚಿತ್ರ ಮುಗಿದ ಮೇಲೆ ಮೊದಲು ಮಾನಿಟರನ್ನು ಮರಳಿ ಕರೆದು, ಅನಂತರ ಟಿ.ವಿ.ಯನ್ನು ಆರಿಸಬೇಕು. ನಾನೊಮ್ಮೆ ಇದನ್ನು ಹಿಂದುಮುಂದಾಗಿ ಮಾಡಿ, ಸೋಮವಾರ ಬೆಳಿಗ್ಗೆ ಕಚೇರಿಯ ಸಭೆಯ ಹೊತ್ತಿಗೆ ಕಪ್ಪು ಮಾನಿಟರಿನೆದುರು ಬೆವತಿದ್ದೇನೆ. ಕಂಪ್ಯೂಟರು ಕೆಟ್ಟಿರಲಿಲ್ಲ, ಚಿತ್ರವನ್ನು ಗೋಡೆಯ ಟಿ.ವಿ.ಗೆ ಕಳುಹಿಸುತ್ತಲೇ ಇತ್ತು. ಶಬ್ದವು ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರದ ಜೊತೆಗೇ ಸಾಗುವುದರಿಂದ, ಪರದೆ ಬದಲಾದಾಗ ಅದು ಬೇರೆ ದಾರಿ ಹಿಡಿದರೆ ಕೆಳಮೂಲೆಯ ಧ್ವನಿಯ ಗುರುತಿನಲ್ಲಿ ಸರಿಪಡಿಸಿಕೊಳ್ಳಬೇಕು. ಆರಿದ ಮಾನಿಟರಿನಲ್ಲಿ ಮಿನುಗುವ ನೀಲಿಯ ಚುಕ್ಕೆಗೆ ಕಪ್ಪು ಪಟ್ಟಿಯ ಒಂದು ತುಣುಕು ಸಾಕು. ವಿದ್ಯುತ್ತಿನ ಉಳಿತಾಯ ಗಣನೀಯವಲ್ಲ: 25 ವಾಟಿನ ಮಾನಿಟರು ದಿನಕ್ಕೆ ಮೂರು ಗಂಟೆ ಆರಿದ್ದರೆ ವರ್ಷಕ್ಕೆ ಸುಮಾರು 27 ಯೂನಿಟ್.

ಕೋಣೆಯನ್ನು ಪೂರ್ತಿ ಕತ್ತಲಾಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವಯಸ್ಸಾದವರ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ನಡುವೆ ಎದ್ದು ಬಚ್ಚಲಿಗೆ ಹೋಗುವಾಗ ತಂತಿ ತೊಡರಿ ಬಿದ್ದರೆ ಸೊಂಟದ ಮೂಳೆಗೇ ಅಪಾಯ. ಅವರ ಬೆನ್ನ ಹಿಂದೆ, ನೆಲಕ್ಕೆ ಬೀಳುವಂತೆ, ಹಳದಿ ಬಣ್ಣದ ಚಿಕ್ಕ ದೀಪವೊಂದಿರಲಿ. ಹಿರಿಯರು ಅದೇ ಕೋಣೆಯಲ್ಲಿ ಮಲಗುವುದಾದರೆ ಮಾನಿಟರನ್ನು ಆರಿಸಲು ಮತ್ತೊಂದು ಕಾರಣವೂ ಉಂಟು. ಅಕ್ಷಿಪಟದಲ್ಲಿ ನೋಟಕ್ಕಿಂತ ಹೆಚ್ಚಾಗಿ ಹಗಲು ರಾತ್ರಿಗಳ ಭೇದವನ್ನು ಮೆದುಳಿಗೆ ತಿಳಿಸುವ ಕಣಗಳಿರುವುದನ್ನು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನೀಲಿಯ ಬೆಳಕು ಅವನ್ನು ವಿಶೇಷವಾಗಿ ಎಚ್ಚರಿಸುತ್ತದೆ. ಟಿ.ವಿ.ಯ ಬೆಳಕೂ ಅಂಥದೇ ಆದುದರಿಂದ ಮಾನಿಟರೊಂದನ್ನು ಆರಿಸಿದ ಮಾತ್ರಕ್ಕೆ ನಿದ್ರೆ ಸರಿಹೋಗುತ್ತದೆಂದು ನಾನು ಹೇಳಲಾರೆ.

ನನ್ನ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಮಾನಿಟರನ್ನು ಆರಿಸಿದ ವಾರವೇ ತಂದೆಯವರು ಮರಳಿ ಬಂದು ಕುಳಿತರು. ಸಮಸ್ಯೆ ತೀರಿತೆಂದು ನಾನು ಮೂರು ತಿಂಗಳು ನಿಶ್ಚಿಂತನಾಗಿದ್ದೆ. ರಸ್ತೆ ದಾಟುವಾಗ ಎದುರಿನ ವಾಹನದ ದೀಪಕ್ಕೆ ಅವರು ಕಣ್ಣು ಮುಚ್ಚಿ ನಿಂತುಬಿಟ್ಟ ಸಂಜೆ ನನಗೆ ಎಚ್ಚರವಾಯಿತು. ನೇತ್ರವೈದ್ಯರು ಪರೀಕ್ಷಿಸಿ ಎರಡೂ ಕಣ್ಣುಗಳಲ್ಲಿ ಪೊರೆಯಿದೆ, ಬಲಗಣ್ಣಿನದು ಬಲಿತಿದೆ ಎಂದರು. ‘ಬೆಳಕು ಚುಚ್ಚುತ್ತದೆ ಎಂದು ಇವರು ಮೊದಲೇ ಹೇಳಿರಲಿಲ್ಲವೇ?’ ಎಂದು ಕೇಳಿದರು. ಹೇಳಿದ್ದರು, ನಾನು ಪರದೆಯನ್ನು ಆರಿಸಿ ಸುಮ್ಮನಾಗಿದ್ದೆ.

ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕೃತಕ ಮಸೂರ ಕುಳಿತ ಎರಡು ತಿಂಗಳಿಗೆ ಎಡಗಣ್ಣಿನದೂ ಆಯಿತು. ‘ಸಂಸ್ಕಾರ’ವನ್ನು ಮೊದಲಿನಿಂದ ಹಾಕಿಸಿಕೊಂಡು ಪೂರ್ತಿಯಾಗಿ ನೋಡಿದರು. ಈಗ ಮಾನಿಟರು ಉರಿಯುತ್ತಿದ್ದರೂ ಅವರಿಗೆ ಅಷ್ಟು ಬಾಧೆಯಿಲ್ಲ. ಆದರೂ ಶನಿವಾರ ಕುರ್ಚಿಯಲ್ಲಿ ಕೂಡುವ ಮೊದಲು ಮೇಜಿನ ಕಡೆಗೊಮ್ಮೆ ನೋಡಿ, ‘ಆ ಇನ್ನೊಂದು ಪೆಟಗಿ ಬಂದ್ ಮಾಡಿದ್ಯೇನಪಾ?’ ಎಂದು ಕೇಳಿಯೇ ಕೂಡುತ್ತಾರೆ.