ಮನೆಯಲ್ಲೇ ಜಾಲತಾಣ ನಡೆಸುವ ಕ್ರಮ

ಕಾಫಿ ಪುಡಿ, ಕಾಳುಮೆಣಸು, ಜೇನುಗಳನ್ನು ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಸ್ವಂತ ಜಾಲತಾಣ ಅನುಕೂಲಕರ. ಜಾಲತಾಣವೆಂದರೆ ಸದಾ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿಟ್ಟ ಪುಟಗಳು. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಸಾಮಾನ್ಯವಾಗಿ ಇದನ್ನು ಬಾಡಿಗೆಗೆ ಪಡೆಯುವುದು ವಾಡಿಕೆ. ಬಾಡಿಗೆ ಗೋದಾಮಿನ ಬದಲು ಮನೆಯ ಅಟ್ಟದಲ್ಲೇ ಫಸಲಿಡುವಂತೆ, ಸರ್ವರನ್ನೂ ಮನೆಯಲ್ಲಿಡಬಹುದು. ಆಗ ಕಾವಲಿನ ಹೊಣೆಯೂ ನಮ್ಮದೇ.

ಬೇಕಾಗುವ ಸಾಮಗ್ರಿ: 2012ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಅಂಗೈಯಷ್ಟು ಚಿಕ್ಕ ಕಂಪ್ಯೂಟರು. ಸುಮಾರು 5 ವಾಟ್ ಬಳಸುವುದೆಂದು ಹಿಡಿದರೆ, ಹಗಲಿರುಳು ನಡೆದರೂ ತಿಂಗಳಿಗೆ 3.6 ಯೂನಿಟ್ ಮಾತ್ರ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪೂ ಆದೀತು. ಅದರ ಬ್ಯಾಟರಿ ಸರಿಯಿದ್ದರೆ ಕರೆಂಟ್ ಹೋದಾಗ ಆಸರೆ. ಲಿನಕ್ಸ್ ಹಾಗೂ ಎಂಜಿನ್‌ಎಕ್ಸ್ ತಂತ್ರಾಂಶಗಳು ಉಚಿತ.

ವಿಳಾಸದ ತೊಡಕು: ಮನೆಯ ಇಂಟರ್ನೆಟ್ಟಿನ ಐಪಿ ಸಂಖ್ಯೆ ಆಗಾಗ ಬದಲಾಗಬಹುದು. ಹಲವೆಡೆ ಅನೇಕ ಮನೆಗಳು ಒಂದೇ ಸಂಖ್ಯೆಯನ್ನು ಹಂಚಿಕೊಂಡಿರುತ್ತವೆ. ಅಂಥಲ್ಲಿ ಹೊರಗಿನವರು ನಮ್ಮ ಸರ್ವರನ್ನು ನೇರವಾಗಿ ತಲಪಲಾರರು. ಆದ್ದರಿಂದ ಯಂತ್ರ ಕೊಳ್ಳುವ ಮೊದಲು, ಸ್ಥಿರ ಐಪಿ ಸಿಗುವುದೇ, ದರವೆಷ್ಟು ಎಂದು ಸಂಪರ್ಕ ಕೊಟ್ಟವರನ್ನು ಕೇಳಿರಿ. ಸಿಕ್ಕರೆ ರೂಟರಿನಲ್ಲಿ 80 ಮತ್ತು 443ನೇ ಪೋರ್ಟುಗಳನ್ನಷ್ಟೇ ತೆರೆಯಿರಿ.

ಸ್ಥಿರ ಐಪಿ ಸಿಗದಿದ್ದರೂ ಸರ್ವರ್ ವ್ಯರ್ಥವಲ್ಲ. ಮನೆಯ ವೈಫೈ ವ್ಯಾಪ್ತಿಯೊಳಗೆ ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆಯು ಹಳ್ಳಿಗರೊಡನೆ ವೈಫೈ ಮೆಶ್ ಜಾಲ ಕಟ್ಟಿ, ಊರವರ ಧ್ವನಿಮುದ್ರಣಗಳನ್ನು ಸ್ಥಳೀಯ ಸರ್ವರಿನಲ್ಲಿಟ್ಟಿದ್ದು ಇದೇ ತತ್ತ್ವದಿಂದ. ಕೊಯ್ಲಿನ ಲೆಕ್ಕ, ಆಳುಗಳ ಹಾಜರಿ, ಮಳೆಯ ದಾಖಲೆಗಳನ್ನು ನಾವೂ ಹೀಗೆ ಇಡಬಹುದು.

ಎಚ್ಚರಿಕೆಗಳು:

1. ಕರೆಂಟ್ ಥಟ್ಟನೆ ಹೋದರೆ ಮೆಮೊರಿ ಕಾರ್ಡ್ ಕೆಡುವುದುಂಟು. ಸರ್ವರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಜೋಡಿಸಿರಿ.

2. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಗುಡುಗು ಸಮೀಪಿಸುವ ಮೊದಲೇ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಪ್ಲಗ್ ತೆಗೆದಿಡಿರಿ.

3. ವಾರಕ್ಕೊಮ್ಮೆ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ಬೇರೆ ಮನೆಯಲ್ಲಿಡಿರಿ. ವರ್ಷಗಳ ಲೆಕ್ಕ ಒಂದೇ ಕಾರ್ಡಿನಲ್ಲಿದ್ದು ಅದು ಕೆಟ್ಟರೆ, ಮತ್ತೆ ಬರೆಯುವವರಾರು?

4. ಕಂಪನಿಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಿರಿ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿರಿ.

5. ಹೊರಗಿನವರಿಗೆ ತೆರೆದ ಸರ್ವರಿನಲ್ಲಿ ಮಾಲಿನ ವಿವರ, ಚಿತ್ರ, ದರಗಳಷ್ಟೇ ಇರಲಿ. ಬ್ಯಾಂಕ್ ಪಾಸ್‌ಬುಕ್, ಆಧಾರ್, ಪಹಣಿಗಳ ನಕಲು ಖಂಡಿತ ಬೇಡ.

ಭೇರ್ಯ, ಪಿರಿಯಾಪಟ್ಟಣ, ಹುಣಸೂರು ಕಡೆಯ ಬೆಳೆಗಾರರು ಒಂದು ಕೊಯ್ಲಿನ ಕಾಲ ಮನೆಯೊಳಗಷ್ಟೇ ನಡೆಸಿ ನೋಡುವುದು ಲೇಸು. ಆ ಅವಧಿಯಲ್ಲಿ ಎಷ್ಟು ಸಲ ನಿಂತಿತು, ಏಕೆ ನಿಂತಿತು ಎಂದು ಬರೆದಿಟ್ಟರೆ, ಹೊರಗಿನವರಿಗೆ ತೆರೆಯಬೇಕೋ ಬೇಡವೋ ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.